ಬಿಳಿ ತೆಗೆಸಿದ ಫೋಟೋ

ಮಕ್ಕಳೇ, ನಮ್ಮ ಮೋರಟಗಿ ಮನೆಯ ಪಡಸಾಲೆಯಲ್ಲಿ ನಿಮ್ಮ ಅಜ್ಜನ ಫೋಟೋ ಎರಡಿವೆ. ಒಂದರಲ್ಲಿ ನೀಲಿ ಕೋಟು, ಕೆಂಪು ಟೈ. ಇನ್ನೊಂದರಲ್ಲಿ ಬರೀ ಮುಖ, ಎರಡು ಕೈ, ಅಂಗಿಯ ಗುಂಡಿಗಳು. ನೀವು ಕೈ ಮುಗಿಯುವುದು ಕೋಟಿನ ಫೋಟೋಕ್ಕೆ. ಮೊನ್ನೆ ಸಣ್ಣವಳು "ಅಜ್ಜ ಆಫೀಸರ್ ಇದ್ದನೇನು?" ಎಂದು ಕೇಳಿದಳು. ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಬರೆದರೆ ಹೇಳಿಯೇನು ಎಂದು ಕುಳಿತಿದ್ದೇನೆ.

ನಿಮ್ಮ ಅಜ್ಜನಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿರುವುದು ಯಾರೋ ಕಳ್ಳನನ್ನು ಹಿಡಿದು ಕೂಡಿಸಿದಂತಿದೆ. ಅದನ್ನು ಬಿಟ್ಟರೆ ಇದ್ದದ್ದು ಒಂದೇ. ಒಂದು ವರ್ಷ ದೀಪಾವಳಿಗೆ ಗೋಡೆಗೆ ಸುಣ್ಣ ಬಳಿದಿದ್ದೆವು. ಅವರು ಸ್ನಾನ, ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ತೊಳೆದ ಬಿಳಿ ಅಂಗಿ, ಬಿಳಿ ಧೋತರ, ಬಿಳಿ ಟೋಪಿಯಲ್ಲಿ ಆ ಗೋಡೆಗೆ ಆತು ಕುಳಿತಿದ್ದರು. ನಿಮ್ಮ ಅವ್ವ ತನ್ನ ಫೋನಿನಲ್ಲಿ ಹೊಡೆದಳು. ಆ ಫೋನು ಆಮೇಲೆ ಕೆಟ್ಟಿತು. ಅದರೊಳಗಿನ ಚಿಪ್ಪು, ಫೋಟೋ ಇದ್ದ ಮೆಮರಿ ಕಾರ್ಡು, ಮಾತ್ರ ಉಳಿಯಿತು.

ಅವರಿಗೆ ಮಣ್ಣು ಕೊಟ್ಟು ಬಂದ ಮೇಲೆ, ಶಿವಗಣಾರಾಧನೆಗೆ ದೊಡ್ಡ ಫೋಟೋ ಬೇಕೆಂದು ನಮ್ಮ ಭಾವನವರು, ಅಂದರೆ ನಿಮ್ಮ ಅಜ್ಜನ ಅಣ್ಣ, ಸಿಂದಗಿಗೆ ಹೊರಟರು. ಚಿಪ್ಪನ್ನು ನನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿದ್ದೆ. ಬಿಚ್ಚಿ ಕೊಡಲು ಮನಸ್ಸಾಗಲಿಲ್ಲ. ನಾನೂ ಬರುತ್ತೇನೆಂದು ನಿಮ್ಮ ಅವ್ವನ ಬಾಯಿಂದ ಹೇಳಿಸಿದೆ. ಭಾವನವರ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಹೇಳಲೇಬೇಕಾದದ್ದನ್ನು ಗೋಡೆಗೋ ಬಾಗಿಲಿಗೋ ಹೇಳುತ್ತಿದ್ದೆವು, ಅವರು ಕೇಳಿಸಿಕೊಳ್ಳುತ್ತಿದ್ದರು.

ಬಸ್ ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋ. ಅಲ್ಲಿಯವನು ಚಿಪ್ಪು ಹಾಕಿ ಕಂಪ್ಯೂಟರಿನಲ್ಲಿ ಫೋಟೋ ತೆರೆದ. ನಿಮ್ಮ ಅಜ್ಜ ದೊಡ್ಡದಾಗಿ ಎದುರು ಬಂದರು. ನಾನು ಬಾಗಿಲ ಹತ್ತಿರ ನಿಂತವಳು ಎರಡು ಹೆಜ್ಜೆ ಮುಂದೆ ಬಂದೆ.

"ಹಿಂದ ಸುಣ್ಣದ ಗ್ವಾಡಿ ಯಾಕೋ?" ಎಂದರು ಭಾವನವರು. "ಗುಡ್ಡಾ, ಮುಗಿಲಾ ಹಾಕು. ಕೈಲಾಸ ಇದ್ದಂಗ ಕಾಣ್ಬೇಕು."

"ಹಾಕೂಣ್ರಿ ಕಾಕಾ. ಮೊದ್ಲ ಈ ಬಿಳಿ ಎಲ್ಲಾ ತಗೀತೇನಿ."

ಅವನು ಗೋಡೆಯ ಮೇಲೆ ಒಂದು ಕಡೆ ಒತ್ತಿದ. ಗೋಡೆ ಹೋಯಿತು. ಅದರ ಜಾಗದಲ್ಲಿ ಸಣ್ಣ ಸಣ್ಣ ಚೌಕಗಳು ಬಂದವು. ಏನೂ ಇಲ್ಲ ಎನ್ನುವುದನ್ನು ಕಂಪ್ಯೂಟರು ಹಾಗೆ ತೋರಿಸುತ್ತದಂತೆ. ಅವನು ಅದನ್ನು ಹಳೆಯ ಫೋಟೋದ ಮೇಲೆಯೇ ಸೇವ್ ಮಾಡಿ, ಗಡಿಬಿಡಿಯಲ್ಲಿ ಹಿಂದೆ ಗುಡ್ಡ, ಆಕಾಶ ಎಳೆದು ತಂದು ಇಟ್ಟ.

ಆಗ ಕಂಡಿತು. ಗೋಡೆಯ ಜೊತೆ ಟೋಪಿಯೂ ಹೋಗಿತ್ತು. ಅಂಗಿ, ಧೋತರ, ಮೀಸೆಯ ಬಿಳಿ ಕೂದಲು, ಎಲ್ಲಾ ಹೋಗಿದ್ದವು. ಕಣ್ಣಿನ ಬಿಳಿ ಇದ್ದಲ್ಲಿ ನೀಲಿ. ಹಣೆಯ ವಿಭೂತಿ ಮೂರು ಸೀಳಾಗಿ, ಅದರೊಳಗಿಂದ ಮೋಡ ಕಾಣುತ್ತಿತ್ತು.

ಭಾವನವರು ನಕ್ಕುಬಿಟ್ಟರು. "ನಮ್ಮ ತಮ್ಮ ಖರೇನ ಮುಗಿಲಿಗೆ ಹೋಗ್ಯಾನ ನೋಡೋ." ನಕ್ಕ ಮೇಲೆ ಟಾವೆಲಿನಿಂದ ಕಣ್ಣು ಒರೆಸಿಕೊಂಡರು.

"ಹಿಂದಕ್ಕ ತರ್ತೇನ್ರಿ, ಒಂದ ನಿಮಿಷ," ಎಂದು ಸ್ಟುಡಿಯೋದವನು ಕೈ ಇಟ್ಟನೋ ಇಲ್ಲವೋ, ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ತೆರೆದು ನೋಡಿದರೆ, ಚಿಪ್ಪಿನಲ್ಲಿ ಉಳಿದದ್ದು ಆ ತೂತು ಬಿದ್ದ ಫೋಟೋ ಒಂದೇ. ಅವನು ಬಹಳ ಹೊತ್ತು ಹುಡುಕಿದ. ಕೊನೆಗೆ ಕೈ ಬಿಟ್ಟು, "ಹಳೇದು ಬರಂಗಿಲ್ರಿ ಕಾಕಾ," ಎಂದ. "ಕೋಟ್ ಹಾಕಿ ಕೊಡ್ತೇನಿ, ಮ್ಯಾಲ ರುಮಾಲ. ತೀರಿದವ್ರಿಗೆ ಎಲ್ಲಾರೂ ಹಾಕಸ್ತಾರ್ರಿ. ಮುಖ ಅಂತೂ ಅವರದ ಐತೆಲ್ಲ."

"ಹಾಕು. ಇದ್ದಾಗಂತೂ ಸಾಹೇಬ ಆಗ್ಲಿಲ್ಲ ಅಂವಾ."

ನಾನು ಗೋಡೆಯ ಕಡೆ ಮುಖ ಮಾಡಿ ಹೇಳಿದೆ. "ಕೋಟ್ ಬ್ಯಾಡ. ಮುಗಿಲೂ ಬ್ಯಾಡ. ಹಿಂದ ಬಿಳೀನ ಇರ್ಲಿ."

ಅಷ್ಟು ಮಾತು ಭಾವನವರ ಮುಂದೆ ನಾನು ಎಂದೂ ಆಡಿರಲಿಲ್ಲ. ಸ್ಟುಡಿಯೋದವನು ಹಿಂದೆ ಬಿಳಿ ಬಣ್ಣ ತುಂಬಿದ. ಹಣೆಯ ಮೇಲೆ ವಿಭೂತಿ ಬಂದು ಕೂತಿತು. ಕಣ್ಣಿಗೆ ಬಿಳಿ ಬಂತು. ನನ್ನ ಜೀವ ಒಂದಿಷ್ಟು ತಂಪಾಯಿತು. ಆದರೆ ಅಂಗಿ ಬರಲಿಲ್ಲ. ಅದರ ಮಡಿಕೆ, ನೆರಳು ಎಲ್ಲ ಗೋಡೆಯ ಜೊತೆಗೇ ಹೋಗಿದ್ದವು. ಎಲ್ಲಿ ಟೋಪಿ ಮುಗಿದು ಗೋಡೆ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಹಾಲಿನಲ್ಲಿ ಮುಳುಗಿದ ಮನುಷ್ಯನಂತೆ ಮುಖ, ಕೈ, ಗುಂಡಿ ಮಾತ್ರ ಮೇಲಿದ್ದವು.

"ಅರ್ಧಾ ಮನಷ್ಯಾ ಕಂಡಂಗ ಕಾಣ್ತೈತಿ," ಎಂದರು ಭಾವನವರು.

"ಇರ್ಲಿ," ಎಂದೆ.

ಅದನ್ನೇ ಕಟ್ಟು ಹಾಕಿಸಿ ತಂದೆವು. ಆರಾಧನೆಯ ದಿನ ನಾನು ಒಳಗಿನಿಂದ ಎದ್ದು ಬಂದಾಗ ಪೆಂಡಾಲಿನಲ್ಲಿ ಆಳೆತ್ತರದ ಬ್ಯಾನರ್ ನಿಂತಿತ್ತು. ನೀಲಿ ಕೋಟು, ಕೆಂಪು ಟೈ, ಹಿಂದೆ ಹಿಮದ ಗುಡ್ಡ. ಭಾವನವರು ನನಗೆ ತಿಳಿಸದೆ ಮತ್ತೆ ಹೋಗಿ ಮಾಡಿಸಿದ್ದರು. ಸಿಟ್ಟಿನಿಂದಲ್ಲ. ಬಂದ ಜನರೆದುರು ತಮ್ಮನು ಅರ್ಧ ಮನುಷ್ಯನಂತೆ ಕಾಣಬಾರದು ಎಂದು. ಬಂದವರೆಲ್ಲ ಅದಕ್ಕೇ ಹೂವು ಹಾಕಿದರು. "ಎಷ್ಟ ಚಂದ ಕಾಣ್ತಾರ್ರಿ," ಎಂದು ಬಾಗೇವಾಡಿಯಿಂದ ಬಂದ ನನ್ನ ತವರಿನವರೂ ಅಂದರು. ನೀವು ಆಗ ತೀರ ಸಣ್ಣವರು. ನಿಮ್ಮನ್ನು ಎತ್ತಿ ಹಿಡಿದು, "ಅಜ್ಜಾಗ ಶರಣ ಮಾಡು," ಎಂದು ಆ ಕೋಟಿಗೆ ನಿಮ್ಮ ತಲೆ ಮುಟ್ಟಿಸಿದರು. ನಾನು ನೋಡುತ್ತ ನಿಂತೆ. ಆ ಕೋಟಿನದನ್ನೇ ಚಿಕ್ಕದು ಮಾಡಿಸಿ ಆಮೇಲೆ ಪಡಸಾಲೆಗೂ ಹಾಕಿದರು.

ಅದಕ್ಕೆ ಬರೆಯುತ್ತಿದ್ದೇನೆ. ನಿಮ್ಮ ಅಜ್ಜ ಕೋಟು ಹಾಕಿದವರಲ್ಲ. ಅವರ ಅಂಗಿಗೆ ಕಾಲರು ಇರಲಿಲ್ಲ. ತೋಳು ಮೊಣಕೈತನಕ ಮಡಚಿರುತ್ತಿತ್ತು. ಹೊಲದಲ್ಲಿ ಬಗ್ಗಿ ಬಗ್ಗಿ ಬಲಗಡೆಯ ಭುಜ ಸ್ವಲ್ಪ ಇಳಿದಿತ್ತು, ಹಾಗಾಗಿ ಅಂಗಿ ಆ ಕಡೆ ಜೋಲುತ್ತಿತ್ತು. ಎದೆಯ ಮೇಲಿನ ಕಿಸೆ ಹರಿದಿತ್ತು. ಅದನ್ನು ನಾನೇ ಬಿಳಿ ದಾರದಿಂದ ಹೊಲಿದಿದ್ದೆ. ಬಿಳಿ ಫೋಟೋದಲ್ಲಿ ಏನೂ ಇಲ್ಲದ ಕಡೆ ಇದೆಲ್ಲಾ ಇತ್ತು ಎಂದು ತಿಳಿಯಿರಿ.

ಆ ಕಿಸೆ ಎಡಗಡೆ ಇತ್ತೋ ಬಲಗಡೆಯೋ, ಈಗ ನನಗೂ ಸರಿಯಾಗಿ ನೆನಪಿಗೆ ಬರುತ್ತಿಲ್ಲ. ನೋಡಿ ಹೇಳೋಣವೆಂದರೆ ಆ ಜಾಗ ಖಾಲಿ ಇದೆ.