ಒಪೆರಾಗೊಂದು ಒನ್ಸ್‌ಮೋರ್

ಹಿರೀಸಾವೆಯ ಶಾಲೆಯಿಂದ ಚನ್ನರಾಯಪಟ್ಟಣದವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬರುವ ನನಗೆ, ಸಂಜೆ ಮನೆ ಸೇರುವ ಹೊತ್ತಿಗೆ ಕನ್ನಡ ಕಿವಿಗೆ ಬಿದ್ದರೆ ಸಾಕು, ತಲೆ ಸಿಡಿಯುತ್ತದೆ. ಕನ್ನಡ ಟೀಚರ್ ಆಗಿ ಹೀಗೆ ಹೇಳಬಾರದು, ಗೊತ್ತು. ಆದರೆ ಇಪ್ಪತ್ತಾರು ವರ್ಷದಿಂದ ಅದೇ ಪಾಠ, ಅದೇ ಪ್ರಶ್ನೆಗೆ ಅದೇ ತಪ್ಪು ಉತ್ತರ. ಅದು ಸಾಲದು ಎಂಬಂತೆ ಮನೆಮನೆ ಸಮೀಕ್ಷೆ, ಆನ್‌ಲೈನ್ ತರಬೇತಿ. ಯಾರು ಬಾಯಿ ತೆರೆದರೂ ನನ್ನ ಕೈ ಕೆಂಪು ಪೆನ್ನು ಹುಡುಕುತ್ತದೆ. ಟೀವಿಯಲ್ಲಿ ಸುದ್ದಿ ಓದುವವಳನ್ನೂ ಬಿಡುವುದಿಲ್ಲ.

ಒಪೆರಾ ಎಂಬ ಪರದೇಶದ ಹಾಡುನಾಟಕ ಸಿಕ್ಕಿದ್ದು ಆ ಹಾಳು ತರಬೇತಿಯಿಂದಲೇ. ಅದರ ವಿಡಿಯೊ ಓಡಲು ಬಿಟ್ಟು ಅಕ್ಕಿ ತೊಳೆಯಲು ಹೋಗಿದ್ದೆ. ಬಂದು ನೋಡಿದರೆ ತರಬೇತಿ ಮುಗಿದು, ಫೋನು ತಾನಾಗಿಯೇ ಎಲ್ಲೆಲ್ಲೋ ಅಲೆದು, ಯಾವುದೋ ದೇಶದ ರಂಗಮಂದಿರದೊಳಗೆ ಹೋಗಿ ಕೂತಿತ್ತು. ದಪ್ಪನೆಯ ಹೆಂಗಸೊಬ್ಬಳು ಕಿಟಕಿಯ ಚೌಕಟ್ಟು ಹಿಡಿದು ಹಾಡುತ್ತಿದ್ದಳು. ಒಂದಕ್ಷರ ಅರ್ಥವಾಗಲಿಲ್ಲ. ಎಂಥ ನೆಮ್ಮದಿ ಅನ್ನಿಸಿತು. ಅವಳು ತಪ್ಪು ಹಾಡಿದರೂ ತಿದ್ದುವ ಕರ್ಮ ನನಗಿರಲಿಲ್ಲ. ಅಕ್ಕಿಯ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತುಬಿಟ್ಟೆ.

ಅಷ್ಟರಲ್ಲಿ ನಮ್ಮೆಜಮಾನರು ಅಂಗಡಿಯಿಂದ ಬಂದರು. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ಟೈಲರ್ ಅಂಗಡಿ. ಗದರುತ್ತಾರೇನೋ ಎಂದುಕೊಂಡು ಫೋನು ಆರಿಸಲು ಹೋದೆ. ಅವರು ಬೇಡವೆಂದು ಕೈ ತೋರಿಸಿ, ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಪಕ್ಕದಲ್ಲಿ ಕೂತರು. ನನಗೆ ಆಶ್ಚರ್ಯವಾಯಿತು. ಹಾಡು ಅನ್ನುವುದು ನಮ್ಮ ಮನೆಯಲ್ಲಿ ನಿಂತು ವರ್ಷವಾಗಿತ್ತು.

ಅದಕ್ಕೆ ಮೊದಲು ಅವರು ಹಾಡುಗಾರರು. ನಮ್ಮ ಕಡೆಯ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟು ಅವರದೇ. ಆ ನಾಟಕಗಳಲ್ಲಿ ಮಾತಿಗಿಂತ ಹಾಡೇ ಹೆಚ್ಚು. ಹೊಳೆನರಸೀಪುರ, ಅರಕಲಗೂಡು, ಶ್ರವಣಬೆಳಗೊಳ, ಎಲ್ಲೆಲ್ಲಿ ಹಾರ್ಮೋನಿಯಂ ಮೇಷ್ಟ್ರು ಕರೆದರೂ ಹೊಲಿಗೆ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು. ಬ್ಲೌಸು ಕೊಟ್ಟ ಹೆಂಗಸರು ನನ್ನ ಪ್ರಾಣ ತಿನ್ನುತ್ತಿದ್ದರು. ಆಮೇಲೆ ಗಂಟಲಲ್ಲಿ ಗಂಟಾಯಿತು. ಹಾಸನದಲ್ಲಿ ಆಪರೇಷನ್ ಆಗಿ ಗಂಟು ಹೋಯಿತು, ದನಿಯೂ ಹೋಯಿತು. ಈಗ ಪಿಸುಮಾತಷ್ಟೇ. ಅವರ ತಂಡದ ನಾಟಕಗಳು ಫೋನಿನಲ್ಲಿ ಲೈವ್ ಬರುತ್ತವೆ, ನಾಟಕದ ಗುಂಪಿನವರು ಲಿಂಕ್ ಕಳಿಸುತ್ತಲೇ ಇರುತ್ತಾರೆ. ಇವರು ಒಂದನ್ನೂ ತೆರೆದವರಲ್ಲ.

ಆ ಒಪೆರಾವನ್ನು ಭಾನುವಾರ ಟೀವಿಗೆ ಹಾಕಿದೆ. ಮೂರು ಗಂಟೆಯ ಆಟ, ಮಂಗಳವಾರದವರೆಗೆ ಪುಕ್ಕಟೆ. ಊಟ ಮಾಡಿ ಕೂತರೆ ಸಂಜೆಯ ಕಾಫಿಗೆ ಮುಗಿಯುತ್ತದೆ ಎಂಬ ನನ್ನ ಲೆಕ್ಕ ತಲೆಕೆಳಗಾಯಿತು. ಹೆಂಗಸಿನ ಮೊದಲ ಹಾಡು ಮುಗಿದಿದ್ದೇ ತಡ, ಇವರು "ಒನ್ಸ್‌ಮೋರ್" ಅಂದರು.

ನಮ್ಮ ನಾಟಕಗಳಲ್ಲಿ ಅದೇ ಪದ್ಧತಿ. ಹಾಡು ಹಿಡಿಸಿದರೆ ಸಭೆಯಿಂದ ಒನ್ಸ್‌ಮೋರ್ ಕೂಗು ಏಳಬೇಕು. ಯುದ್ಧವಿರಲಿ, ಸಾಯುವ ಗಳಿಗೆಯಿರಲಿ, ಪಾತ್ರಧಾರಿ ಎದ್ದು ಬಂದು ಅದನ್ನೇ ಮತ್ತೆ ಹಾಡಬೇಕು. ಸಭೆ ಕೂಗದಿದ್ದರೆ ಹಾಡಿದವನಿಗೆ ಅವಮಾನ ಮಾಡಿದಂತೆ. ಒಪೆರಾದ ಹೆಂಗಸು ಎಲ್ಲಿಂದ ಕೇಳಿಸಿಕೊಳ್ಳಬೇಕು? ರಿಮೋಟು ಹಿಡಿದು ಅವಳನ್ನು ಹಿಂದಕ್ಕೆ ಎಳೆದು ತರುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಹಾಡಿಗೆ ಎರಡು ಸಲ, ಕೆಲವಕ್ಕೆ ಮೂರು ಸಲ. ಹಾಡುವವರಿಗೆ ಆಯಾಸವಾಗುವುದಿಲ್ಲ, ನನಗಾಗುತ್ತದೆ ಎಂದು ಗೊಣಗಿದೆ. ಸೋಮವಾರ ಸಂಜೆಯಾದರೂ ಅರ್ಧ ದಾಟಿರಲಿಲ್ಲ.

ನಿಮ್ಮ ತಂಡದ ನಾಟಕಗಳನ್ನು ಕಣ್ಣೆತ್ತಿ ನೋಡದವರು ಇದನ್ನು ಹೇಗೆ ನೋಡುತ್ತೀರಿ ಎಂದು ಅಂದು ಕೇಳಿಯೇಬಿಟ್ಟೆ. ಅವರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, "ಇದ್ರಲ್ಲಿ ನಾನಾಡೋ ಪಾರ್ಟು ಒಂದೂ ಇಲ್ಲ ಕಣೇ. ಅದ್ಕೇ ಒಟ್ಟೆ ಉರಿಯಲ್ಲ" ಅಂದರು.

ಮಂಗಳವಾರ ಶಾಲೆಯಲ್ಲಿ ಮೀಟಿಂಗು. ನಾನು ಮನೆ ಸೇರುವಷ್ಟರಲ್ಲಿ ಒಪೆರಾ ಮಾಯವಾಗಿತ್ತು. ಆ ಹೆಂಗಸು ಬದುಕಿದಳೋ ಸತ್ತಳೋ ನಮಗೆ ಇವತ್ತಿಗೂ ಗೊತ್ತಿಲ್ಲ. ಕತೆ ಹುಡುಕಿ ಓದಿ ಹೇಳಲೇ ಎಂದರೆ ಬೇಡವೆಂದರು. ಆಮೇಲೂ ಸಂಜೆಗಳಲ್ಲಿ ಬೇರೆ ಬೇರೆ ಒಪೆರಾ ಹಾಕಿದೆವು. ಯಾವುದನ್ನೂ ಕೊನೆಯವರೆಗೆ ನೋಡಿದ್ದಿಲ್ಲ.

ಬೇಸಿಗೆಗೆ ಮುಂಚೆ ನುಗ್ಗೇಹಳ್ಳಿಯವರೊಬ್ಬರು ಬಾಳೆಹಣ್ಣು, ಎಲೆಅಡಿಕೆ ಹಿಡಿದು ಮನೆಗೆ ಬಂದರು. ಹಾಲಿನ ಡೈರಿಯಲ್ಲಿ ಕೆಲಸ. ನಾಟಕದಲ್ಲಿ ಹದಿನೈದು ವರ್ಷ ಮಂತ್ರಿಯಾಗಿ ಇವರ ಪಕ್ಕ ಕೈಕಟ್ಟಿ ನಿಂತವರು. ಹಾಸನದಲ್ಲಿ ನಾಟಕವಿದೆ, ರಾಜನ ಪಾರ್ಟು ತಮಗೆ ಬಂದಿದೆ, ಒಪ್ಪಿಗೆ ಕೊಡಬೇಕು ಎಂದರು. ಮತ್ತೆ ತಲೆ ತಗ್ಗಿಸಿ, "ಆ ಕೋಟು ಒಂದಿನಕ್ಕೆ ಕೊಡ್ತೀರಾ, ಸಾ?" ಅಂದರು.

ಆ ಮಖಮಲ್ ಕೋಟು ರಾಜನ ಪಾರ್ಟಿಗೆಂದು ನಮ್ಮೆಜಮಾನರು ತಾವೇ ಹೊಲಿದುಕೊಂಡದ್ದು, ಇನ್ನೊಬ್ಬರಿಗೆ ಮುಟ್ಟಲೂ ಕೊಟ್ಟದ್ದಲ್ಲ. ನನಗೆ ಮೈಯೆಲ್ಲ ಉರಿಯಿತು. ಇವರೋ ಎದ್ದು ಕೊರಳಿನ ಟೇಪು ತೆಗೆದು ಆತನ ಎದೆಗೆ ಸುತ್ತಿದರು, ತೋಳಿಗೆ ಹಿಡಿದರು. ಎರಡು ದಿನ ಕೂತು ಕೋಟಿನ ಬದಿಯ ಹೊಲಿಗೆ ಬಿಚ್ಚಿ ಅಗಲ ಮಾಡಿದರು. ಅಂಗಡಿಗೆ ಊಟ ಕೊಂಡೊಯ್ದ ನಾನು ಡಬ್ಬಿ ಕುಕ್ಕಿ ಬಂದೆ.

ನಾಟಕ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಹಾಸನಕ್ಕೆ ಹೋಗೋಣವೆಂದರೆ ಇವರು ಬರಲಿಲ್ಲ. ಟೀವಿಗೆ ಹಾಕು ಎಂದು ಕೈಸನ್ನೆ ಮಾಡಿದರು. ಗುಂಪಿನವರು ಕಳಿಸಿದ್ದ ಲೈವ್ ಲಿಂಕ್ ಹುಡುಕಿ ಹಾಕಿದೆ. ಒಪೆರಾದಲ್ಲಿ ಕತ್ತಲ ಸಭೆ, ಬೆಳಕಿನ ಅರಮನೆ. ಇಲ್ಲಿ ಪರದೆಯ ಮೇಲೆ ಪ್ರಾಯೋಜಕರ ಫೋಟೊಗಳು, ಮೈಕಿನ ಕಿರುಚಾಟ, ಅಡ್ಡಾಡುವ ಜನ. ರಾಜ ಬಂದ. ಆ ಕೋಟು ಅವನ ಮೈಗೆ ಸರಿಯಾಗಿ ಕೂತಿತ್ತು.

ಇವರಿಗೆ ಹೆಸರು ತಂದ ಹಾಡನ್ನೇ ಆತ ಎತ್ತಿಕೊಂಡ. ಮೇಲಿನ ಸ್ವರದಲ್ಲಿ ಒಮ್ಮೆ ಅಲುಗಿದ, ಮತ್ತೆ ಹಿಡಿದ. ಎರಡು ಮಾತುಗಳನ್ನು ತಪ್ಪಾಗಿ ಹೇಳಿದ, ನಾನು ತಿದ್ದಲು ಹೋಗಲಿಲ್ಲ. ಹಾಡು ಮುಗಿಯಿತು. ನಾಲ್ಕು ಜನ ಚಪ್ಪಾಳೆ ತಟ್ಟಿದರು. ಒನ್ಸ್‌ಮೋರ್ ಯಾರೂ ಕೂಗಲಿಲ್ಲ. ಆತ ಕೈಮುಗಿದು, ಒಂದು ಗಳಿಗೆ ಕಾದು, ಮುಂದಿನ ಮಾತಿಗೆ ಹೋದ.

ನಾನು ಆರಿಸಲು ರಿಮೋಟು ಎತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಎಂದೂ ಮುಟ್ಟದ ರಿಮೋಟಿನ ಬಟನ್‌ಗಳನ್ನು ತಡಕಾಡಿ, ಹಾಡಿನ ಮೊದಲಿಗೆ ಬಂದು ನಿಲ್ಲಿಸಿದರು. "ಒನ್ಸ್‌ಮೋರ್" ಅಂದರು.

ಆತ ಮತ್ತೆ ಹಾಡಿದ. ಇವರು ಮತ್ತೆ ಹಿಂದಕ್ಕೆ ಎಳೆದರು. ಹಾಸನದಲ್ಲಿ ನಾಟಕ ಎಷ್ಟೋ ಮುಂದೆ ಹೋಗಿತ್ತು, ನಮ್ಮ ಮನೆಯಲ್ಲಿ ರಾಜ ಅಲ್ಲೇ ನಿಂತಿದ್ದ. ಮೂರನೆಯ ಸಲ ಇವರ ತುಟಿಗಳೂ ಆಡತೊಡಗಿದವು. ಎಲ್ಲಿ ಉಸಿರೆಳೆಯಬೇಕೋ ಅಲ್ಲೇ ಎಳೆದು, ಮೇಲಿನ ಸ್ವರಕ್ಕೆ ಕತ್ತೆತ್ತಿದರು. ಬರಿಯ ಗಾಳಿ ಬಂತು. ಅದು ಅವರ ಕಿವಿಗೆ ಬೀಳದಿರಲೆಂದು ನಾನು ಎದ್ದು ಹೋಗಿ ಟೀವಿಯ ಶಬ್ದ ಜೋರು ಮಾಡಿದೆ.