ರಾಗಿ ಡಬ್ಬದ ತಾಯಿ ಕಾರ್ಡು

ಊರಿಗೆ ಸರ್ಕಾರಿ ಜೀಪು ಬಂತೆಂದರೆ ಹೋಗಿ ನೋಡುವವರೆಗೂ ಬೆಟ್ಟಮ್ಮನಿಗೆ ಅನ್ನ ಇಳಿಯದು. ಓದು ಬಾರದ ಹೆಂಗಸು. ಆದರೆ ಯಾರ ಮಗು ಯಾವಾಗ ಹುಟ್ಟಿತೆಂದು ಬೆಸಗರಹಳ್ಳಿ ಪಕ್ಕದ ಆ ಊರಿನವರೆಲ್ಲ ಅವಳನ್ನೇ ಕೇಳುತ್ತಿದ್ದರು. ರೇಷ್ಮೆಹುಳದ ಒಂದೊಂದು ಬೆಳೆಯ ಲೆಕ್ಕದಲ್ಲಿ ಎಲ್ಲವೂ ಅವಳ ನೆನಪಿನಲ್ಲಿತ್ತು.

ಅವತ್ತು ಜೀಪು ನಿಂತಿದ್ದು ಚಿಕ್ಕಣ್ಣನ ಶೆಡ್ಡಿನ ಮುಂದೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡು. ಅಲ್ಲಿ ದುಡಿಯುತ್ತಿದ್ದ ಬೆಟ್ಟಮ್ಮನ ಸೊಸೆ ಸೊಂಟನೋವಿನಿಂದ ಹಾಸಿಗೆ ಹಿಡಿದಿದ್ದಳು. ಅವಳ ಜಾಗ ಬೇರೆಯವರ ಪಾಲಾಗಬಾರದೆಂದು ಮೊಮ್ಮಗಳು ನಯನ ಶಾಲೆ ಬಿಟ್ಟು ಬಿಸಿನೀರಿಗೆ ಕೈ ಹಾಕುತ್ತಿದ್ದಳು.

ಕಾರ್ಮಿಕ ಇಲಾಖೆಯ ಮೇಡಂ ಅವಳ ಬೆಂದ ಬೆರಳುಗಳನ್ನು ತಿರುಗಿಸಿ ನೋಡುತ್ತಿದ್ದರು. "ಹದಿನಾಲ್ಕು ತುಂಬದ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ, ಗೊತ್ತಲ್ವಾ?"

"ಅದಿನೈದು ತುಂಬೈತೆ ಮೇಡಂ. ಆಧಾರ್ ನೋಡಿ," ಎಂದು ಚಿಕ್ಕಣ್ಣ ಕಾರ್ಡು ಹಿಡಿದ.

ಮೇಡಂ ಕಾರ್ಡು ನೋಡಿದರು, ಹುಡುಗಿಯನ್ನು ನೋಡಿದರು, ಪೆನ್ನಿಗೆ ಕ್ಯಾಪು ಹಾಕಿದರು.

ಬಾಗಿಲ ಬಳಿ ನೋಡುತ್ತಿದ್ದ ಬೆಟ್ಟಮ್ಮ ಮುಂದೆ ಬಂದಳು. ಆ ಹದಿನೈದು ಅವಳದೇ ಕೈವಾಡ. ನಾಲ್ಕು ವರ್ಷದ ನಯನಳನ್ನು ಹುಳದ ಮನೆಯಲ್ಲಿ ಸೊಪ್ಪು ಹಾಕಲು ಕೂರಿಸುತ್ತಿದ್ದರು. ಶಾಲೆಗೆ ಸೇರಿದರೆ ಅದು ತಪ್ಪೀತೆಂದು ವಯಸ್ಸಿಗೆ ಎರಡು ವರ್ಷ ಕೂಡಿಸಿ ಬರೆಸಿದ್ದಳು. ಅದೇ ಆಧಾರಿಗೂ ಹೋಗಿತ್ತು. ಸೊಸೆಯ ಬಸುರಿನಲ್ಲಿ ನರ್ಸಮ್ಮ ಕೊಟ್ಟು, ಹೆರಿಗೆಯಾದ ದಿನ ತಾರೀಖು ತುಂಬಿದ್ದ ತಾಯಿ ಕಾರ್ಡನ್ನು ರಾಗಿ ಡಬ್ಬದ ತಳಕ್ಕೆ ತಳ್ಳಿದ್ದಳು.

"ಸುಳ್ ಏಳ್ದೋರ್ನ ಜೈಲಿಗಾಕ್ತೀರೇನವ್ವ?" ಎಂದು ಕೇಳಿದಳು.

"ಯಾರು ಹೇಳಿದ್ದು ಅಜ್ಜಿ?"

"ಒಸಿ ತಡೀರಿ, ಬತ್ತೀನಿ."

ಚಿಕ್ಕಣ್ಣ ಡ್ರೈವರ್ ಕಡೆ ತಿರುಗಿ ನಕ್ಕ. "ಜೀಪ್ ಅತ್ತಕ್ಕೆ ಸೀರೆ ಬದಲಾಯ್ಸಕ್ಕೋದ್ಲು ಕಣಣ್ಣ."

ಬೆಟ್ಟಮ್ಮ ತಂದ ತಾಯಿ ಕಾರ್ಡಿನಿಂದ ರಾಗಿಕಾಳು ಉದುರಿದವು. "ಹುಳ ಮಾಗಿ ಗೂಡ್ ಕಟ್ಟೋ ಮಂಗ್ಳಾರ ಹುಟ್ಟಿದ್ದು. ಅದಿಮೂರೇ ಕಣವ್ವ. ಎಚ್ಗೆ ಬರ್ಸಿದೋಳು ನಾನೇ."

ಮೇಡಂ ಬೈಯಲಿಲ್ಲ. ಕಾರ್ಡು ಒರೆಸಿ ಓದಿದರು. ಪೆನ್ನಿನ ಕ್ಯಾಪು ಮತ್ತೆ ತೆಗೆದರು.

"ಅಂಗಾದ್ರೆ ಇವ್ರವ್ವನ್ ಜಾಗಕ್ಕೆ ಯಾರ್ ಕೂರ್ತರೆ?" ಎಂದ ಚಿಕ್ಕಣ್ಣ. ಅವನ ನಗು ಇಳಿದಿತ್ತು.

"ನಾನ್ ಕೂರ್ತೀನಿ ಬುಡ್ಲಾ. ನನ್ ವಯಸ್ಸ ಯಾವ ಜೀಪೂ ಕೇಳಾಕಿಲ್ಲ."

ಮೇಡಂ ಕೊಟ್ಟ ಕಾಗದವನ್ನು ಬೆಟ್ಟಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ ನಯನಳ ಕೈಗಿತ್ತಳು. "ಏನ್ ಬರ್ದವ್ರೆ, ಓದು."

ನಯನ ಓದಿದಳು. ವಯಸ್ಸು ಹದಿಮೂರು. ಕೆಲಸದಿಂದ ಬಿಡಿಸಿದೆ. ನಾಳೆಯಿಂದ ಶಾಲೆಗೆ.

"ನಾನ್ ಏಳಿದ್ ಸುಳ್ಳ?"

"ಅದ್ನೂ ಬರ್ದವ್ರೆ ಅಜ್ಜಿ. ನಿನ್ ಎಸ್ರೂ ಐತೆ."

"ಎಲ್ಲೈತೆ, ತೋರ್ಸು," ಎಂದು ಬೆಟ್ಟಮ್ಮ ಕಾಗದದ ಮೇಲೆ ಬಗ್ಗಿದಳು.