ಹಳೇ ಊರಿನ ಹೊಸ್ತಿಲು

ಆಣೆ, ಶಾಪ, ದೆವ್ವ ಎಂದು ಯಾರಾದರೂ ಮಾತೆತ್ತಿದರೆ ನನಗೆ ಮೊದಲಿಂದಲೂ ಮೈ ಉರಿಯುತ್ತಿತ್ತು. ಇವೆಲ್ಲ ಕೈಲಾಗದವರ ಸಮಾಧಾನ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದೆ. ಈಗಲೂ ಬೇರೆಯವರು ಇಂಥ ಕಥೆ ಹೇಳಿದರೆ ನಾನು ನಂಬುವುದಿಲ್ಲ. ಹಾಗಾಗಿ ನೀವು ನನ್ನನ್ನು ನಂಬದಿದ್ದರೆ ಬೇಸರವೇನಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೆ.

ಎಪ್ಪತ್ತರ ದಶಕದ ಮಾತು. ನಾನು ಹೊಸದುರ್ಗದಲ್ಲಿ ಟೈಪಿಂಗ್ ಕಲಿಯುತ್ತಿದ್ದೆ. ನಮ್ಮ ಹಿರಿಯರ ಊರು ಮಾರಿಕಣಿವೆ ಅಣೆಕಟ್ಟೆಯ ನೀರಿನಡಿ ಇದೆ. ಕಟ್ಟೆ ಕಟ್ಟಿದಾಗ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು ದಿಕ್ಕಿಗೊಬ್ಬರಂತೆ ಚದುರಿತು. ಮಳೆ ಕೈಕೊಟ್ಟ ವರ್ಷ ನೀರು ಹಿಂದೆ ಸರಿದು ಹಳೇ ಊರು ಮೇಲೆ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಗೋಡೆಗಳು ಎಂದೋ ಕರಗಿಹೋಗಿವೆ. ಕಲ್ಲಿನ ಹೊಸ್ತಿಲು, ಒರಳುಕಲ್ಲು, ಗುಡಿಯ ಕಂಬಗಳು ಉಳಿದಿವೆ. ಆಗ ಚಿತ್ರದುರ್ಗ, ಹಿರಿಯೂರಿನಿಂದ ಜನ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು. ನಮ್ಮವರು ಮಾತ್ರ ತಮ್ಮ ತಮ್ಮ ಮನೆಯ ಹೊಸ್ತಿಲು ಹುಡುಕಿ, ತೊಳೆದು, ಅರಿಶಿಣ ಬಳಿದು ದೀಪ ಹಚ್ಚುತ್ತಿದ್ದರು. ನಮ್ಮಜ್ಜಿ ಹುಟ್ಟಿದ ಮನೆಯೂ ಅಲ್ಲೇ ಎಲ್ಲೋ ಇತ್ತು. ಅದರ ಹೊಸ್ತಿಲು ತೋರಿಸು ಎಂದರೆ ಮಾತು ಮರೆಸಿ, ಗುಡಿಯ ಮುಂದೆ ದೀಪವಿಟ್ಟು ಬರುತ್ತಿದ್ದಳು.

ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಯಾರೂ ಸುಳ್ಳಾಡುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಬಗೆಹರಿಯದ ಜಗಳಗಳೆಲ್ಲ ನೀರು ಇಳಿಯುವುದನ್ನೇ ಕಾಯುತ್ತಿದ್ದವು.

ನಮ್ಮದೂ ಅಂಥದೇ ಜಗಳ. ನನ್ನ ಒಡಹುಟ್ಟಿದ ರತ್ನಕ್ಕನನ್ನು ಹಿರಿಯೂರು ಕಡೆಯ ತಿಪ್ಪೇಸ್ವಾಮಿಗೆ ಕೊಟ್ಟಿದ್ದೆವು; ಅವನೂ ಹಳೇ ಊರಿನ ಮನೆತನದವನೇ. ಇನ್ನೊಬ್ಬಳನ್ನು ಕಟ್ಟಿಕೊಳ್ಳುವ ಆಸೆಗೆ ಅಕ್ಕನನ್ನು ಹೊಡೆದು ಹೊರಗೆ ಹಾಕಿದ. ಇನ್ನೂ ಹಾಲು ಬಿಡದ ಮಗಳನ್ನು ಕಿತ್ತಿಟ್ಟುಕೊಂಡ. ಅದು ಸಾಲದೆ, ಕೂಸನ್ನು ಬಿಟ್ಟು ತಾನೇ ಓಡಿಹೋದಳು ಎಂದು ಊರೆಲ್ಲ ಸಾರಿದ. ಅಕ್ಕನಿಗೆ ಎದೆ ಹಾಲು ಸೋರಿ ರವಿಕೆಯೆಲ್ಲ ಒದ್ದೆಯಾಗುತ್ತಿತ್ತು. ಮೂಲೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ನೋಡಿ ನೋಡಿ ನನಗೆ ಅವನ ಕತ್ತು ಹಿಸುಕಬೇಕು ಅನ್ನಿಸುತ್ತಿತ್ತು.

ನಾನು ಕೋರ್ಟಿಗೆ ಹೋಗಾಣ ಎಂದೆ, ಯಾರೂ ಕೇಳಲಿಲ್ಲ. ಅವನು ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಆಣೆ ಮಾಡಿದರೆ ಕೂಸು ಅವನದು, ಹಿಂಜರಿದರೆ ತಾಯಿಯದು ಎಂದು ಎರಡೂ ಕಡೆಯ ಹಿರಿಯರು ತೀರ್ಮಾನಿಸಿದರು.

ಆ ವರ್ಷ ನೀರು ಇಳಿದಿತ್ತು. ತಿಪ್ಪೇಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಮದುವಣಿಗನ ಹಾಗೆ ಹಳೇ ಊರಿಗೆ ಬಂದ. ಸುಡುಬಿಸಿಲು. ನೀರು ಬಹು ದೂರದಲ್ಲಿ ಗೆರೆ ಎಳೆದಂತೆ ಕಾಣುತ್ತಿತ್ತು. ಕಾಲಡಿಯ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವನು ಹೊಸ್ತಿಲುಗಳ ಸಾಲಿನಲ್ಲಿ ನಡೆದುಹೋಗಿ ಒಂದರ ಮೇಲೆ ನಿಂತ.

ಅಕ್ಕ ನನ್ನ ಕೈ ಜಗ್ಗಿದಳು. "ಲೇ, ಅದು ಅವ್ರ ಮನೆ ಅಲ್ಲ ಕಣೆ. ಮದ್ವೆ ಆದ ವರ್ಷ ನನ್ ಕೈಲೇ ದೀಪ ಹಚ್ಚಿಸಿದ್ರು. ಅಗೋ, ಹೂವಿನ ಕೆತ್ತನೆ ಐತಲ್ಲ, ಅದು ಅವ್ರದು."

ಕಳ್ಳ ನನ್ಮಗ! ಬೇರೆಯವರ ಹೊಸ್ತಿಲ ಮೇಲೆ ನಿಂತರೆ ಸುಳ್ಳು ತನಗೆ ತಟ್ಟುವುದಿಲ್ಲ ಎಂದು ಅವನ ಲೆಕ್ಕಾಚಾರ. ಕೂಗಲು ಬಾಯಿ ತೆರೆದೆ. ಅಜ್ಜಿ ನನ್ನ ರಟ್ಟೆ ಹಿಡಿದಳು. "ಸುಮ್ಕಿರು. ಆಡ್ಲಿ ಅವ್ನು."

"ನಾನು ಅವ್ಳನ್ನ ಹೊರಗೆ ಹಾಕಿಲ್ಲ. ಅವ್ಳೇ ಕೂಸು ಬಿಟ್ಟು ಹೋದ್ಳು. ಸುಳ್ಳಾದ್ರೆ ಈ ಹೊಸ್ತಿಲು ನನ್ನ ಹಿಡ್ಕಳ್ಳಿ," ಎಂದು ಅವನು ಗಟ್ಟಿಯಾಗಿ ಹೇಳಿದ.

ಅಜ್ಜಿ ಕೋಲೂರಿಕೊಂಡು ಮುಂದೆ ಹೋದಳು. "ಮುಗೀತೇನಪ್ಪ? ಅದು ನಿಮ್ಮನೇದಲ್ಲ, ನನ್ನ ತವರಿನ ಹೊಸ್ತಿಲು. ನಮ್ಮವ್ವ ಅರಿಶಿಣ ಬಳಿದಿದ್ದು. ನಮ್ಮನೇಲೇ ನಿಂತು ನಮ್ಮ ಹುಡುಗಿ ಮ್ಯಾಲೆ ಸುಳ್ಳಾಡ್ದೆ. ಈಗ ಇಳಿ, ನೋಡಾಣ."

ಅವನು ನಕ್ಕ. ಇಳಿಯಲು ಕಾಲೆತ್ತಿದ, ಕಾಲು ಬರಲಿಲ್ಲ. ಹೆದರಿ ಮರಗಟ್ಟಿದ್ದಾನೆ ಎಂದುಕೊಂಡೆ. ಆಮೇಲೆ ಅವನ ಪಂಚೆ ನೋಡಿದೆ. ಅಂಚು ಒದ್ದೆಯಾಗಿತ್ತು. ನಮ್ಮೆಲ್ಲರ ಕಣ್ಣೆದುರೇ ಆ ಒದ್ದೆ ಮೊಣಕಾಲಿಗೆ ಏರಿತು, ತೊಡೆಗೆ ಏರಿತು. ಉಚ್ಚೆ ಹೊಯ್ದುಕೊಂಡಿರಬೇಕು ಎಂದು ನೀವು ನಗಬಹುದು, ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಅದು ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಅವನು ನೀರಲ್ಲಿ ನಿಂತವನ ಹಾಗೆ ಎರಡೂ ಕೈ ಮೇಲೆತ್ತಿ "ನೀರು, ನೀರು" ಎಂದು ಅರಚುತ್ತಿದ್ದ. ಏರಲಿ, ಇನ್ನೂ ಏರಲಿ, ಮೂಗಿನ ತನಕ ಏರಲಿ ಎಂದು ನಾನು ಮನಸ್ಸಿನಲ್ಲೇ ಕೂಗುತ್ತಿದ್ದೆ. ಅಯ್ಯೋ ಪಾಪ ಅನ್ನಿಸಲಿಲ್ಲ. ಇವತ್ತಿಗೂ ಅನ್ನಿಸಿಲ್ಲ.

ಸೊಂಟ ಮುಟ್ಟಿದಾಗ ಬಾಯಿಬಿಟ್ಟ. "ನಾನೇ ಹೊಡ್ದು ಹೊರಗೆ ಹಾಕ್ದೆ. ಕೂಸು ಕೊಡ್ತೀನಿ, ಇಳಿಸ್ರಿ ಯಪ್ಪಾ!"

ಕಾಲು ಬಿಟ್ಟಿತು. ಮುಗ್ಗರಿಸಿ ನೆಲಕ್ಕೆ ಬಿದ್ದ. ನಾನು ಹೋಗಿ ಅವನ ಪಂಚೆಯ ತುದಿ ಹಿಂಡಿದೆ. ತಣ್ಣಗಿನ ನೀರು ಸುರಿಯಿತು, ಪಾಚಿಯ ವಾಸನೆ ಬಂತು. ಅವನು ನಿಂತಿದ್ದ ಕಲ್ಲು ಮಾತ್ರ ಬಿಸಿಲಿಗೆ ಕಾದು ಸುಡುತ್ತಿತ್ತು. ಮೇಲಿನ ದೂಳೂ ನೆನೆದಿರಲಿಲ್ಲ.

ಆ ಸಂಜೆಯೇ ಕೂಸು ಅಕ್ಕನ ಮಡಿಲಿಗೆ ಬಂತು. ಒಂದು ಗಳಿಗೆ ಗುರುತು ಸಿಗದೆ ಅತ್ತು, ಆಮೇಲೆ ಸೆರಗಿನೊಳಗೆ ಮುಖ ಹುದುಗಿಸಿತು.

ಅಜ್ಜಿ ಹಾಸಿಗೆ ಹಿಡಿದಾಗ ಒಂದು ದಿನ ಕೇಳಿದೆ: ಅಷ್ಟು ಕಲ್ಲುಗಳಲ್ಲಿ ನಿನ್ನ ತವರಿನ ಹೊಸ್ತಿಲನ್ನು ಹೇಗೆ ಗುರುತು ಹಿಡಿದೆ?

"ಎಲ್ಲಿ ಗುರುತೇ? ಊರು ಬಿಟ್ಟಾಗ ನಾನು ತೊಟ್ಟಿಲ ಕೂಸು. ನಮ್ಮನೆ ಎಲ್ಲಿತ್ತೋ ನಂಗೇನ್ ಗೊತ್ತು? ಅವ್ನು ಮೋಸ ಮಾಡ್ದ, ನಾನೂ ಮಾಡ್ದೆ," ಎಂದು ಬೊಚ್ಚುಬಾಯಲ್ಲಿ ನಕ್ಕಳು.

ಹಾಗಾದರೆ ಅವನನ್ನು ಹಿಡಿದದ್ದು ಯಾರ ಮನೆ? ಅವನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಹೇಳುವವರು ಈಗ ಯಾರೂ ಉಳಿದಿಲ್ಲ. ಮತ್ತೊಮ್ಮೆ ನೀರು ಇಳಿದಾಗ ನಾನೊಬ್ಬಳೇ ಹೋಗಿದ್ದೆ. ಆ ಕಲ್ಲು ತೊಳೆದು, ಅರಿಶಿಣ ಬಳಿದು ದೀಪ ಹಚ್ಚಿದೆ. ಮೇಲೆ ಕಾಲಿಡುವ ಧೈರ್ಯ ಬರಲಿಲ್ಲ. ಎದುರಿಗೆ ಕೂತು, ಇನ್ನೊಂದು ಸ್ವಲ್ಪ ಹೊತ್ತು ಅವನನ್ನು ಹಿಡಿದಿಟ್ಟುಕೊಳ್ಳಬಾರದಿತ್ತೇ ಎಂದು ಕೇಳಿ ಬಂದೆ.